ಮೆದುಳಿನ ಗಡ್ಡೆ ತೆಗೆದ ಮೇಲೂ ತಲೆನೋವು ಯಾಕೆ? ಮನೆಯಲ್ಲೇ ನೋಡಿಕೊಳ್ಳುವುದು ಯಾವುದು, ಆಸ್ಪತ್ರೆಗೆ ಓಡಬೇಕಾದ್ದು ಯಾವುದು

ಮಣಿಪಾಲದಲ್ಲೋ ಮಂಗಳೂರಿನಲ್ಲೋ ಮೆದುಳಿನ ಗಡ್ಡೆಯ ಆಪರೇಷನ್ ಮಾಡಿಸಿಕೊಂಡವರು ಸ್ವಲ್ಪ ದಿನಗಳಲ್ಲಿ ಮನೆ ಸೇರುತ್ತಾರೆ. ಮನೆ ಎಂದರೆ ಬೈಂದೂರು, ಸುಳ್ಯ, ಕಾಸರಗೋಡು, ಇಲ್ಲವೇ ಘಟ್ಟದ ಮೇಲಿನ ತೀರ್ಥಹಳ್ಳಿ, ಮೂಡಿಗೆರೆ. ಗಡ್ಡೆ ತೆಗೆದಾಯಿತು, ಹೊಲಿಗೆ ಬಿಚ್ಚಿದ್ದಾಯಿತು, ಸ್ಕ್ಯಾನ್ ಚೆನ್ನಾಗಿದೆ ಎಂದೂ ಹೇಳಿದ್ದಾರೆ. ಆದರೂ ತಲೆನೋವು ಬಿಟ್ಟಿಲ್ಲ. ಮನೆಯವರಿಗೆ ಆಗ ಕಾಡುವುದು ಒಂದೇ ಪ್ರಶ್ನೆ: ಇದು ಮಾತ್ರೆ ನುಂಗಿ ಮಲಗಿದರೆ ಹೋಗುವ ನೋವೋ, ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಹೊರಡಬೇಕಾದ ನೋವೋ?

ನೋವು ಎಷ್ಟು ಜೋರು ಎಂಬುದೊಂದರಿಂದಲೇ ಇದಕ್ಕೆ ಉತ್ತರ ಸಿಗುವುದಿಲ್ಲ. ನೋವು ಯಾವಾಗ ಬರುತ್ತದೆ, ಮಲಗಿದರೆ ಏರುತ್ತದೋ ಇಳಿಯುತ್ತದೋ, ಜೊತೆಯಲ್ಲಿ ಇನ್ನೇನು ಬರುತ್ತದೆ, ವಾರದಿಂದ ವಾರಕ್ಕೆ ಯಾವ ಕಡೆ ಸಾಗುತ್ತಿದೆ ಎಂಬುದನ್ನೂ ನೋಡಬೇಕು.

ನೋಯುವುದು ಮೆದುಳಲ್ಲ

ಮೆದುಳಿನ ಅಂಗಾಂಶಕ್ಕೆ ನೋವು ತಿಳಿಯುವ ನರತುದಿಗಳಿಲ್ಲ. ರೋಗಿಯನ್ನು ಎಚ್ಚರದಲ್ಲೇ ಇಟ್ಟು ಮಾತನಾಡಿಸುತ್ತ ಕೆಲವು ಗಡ್ಡೆಗಳನ್ನು ತೆಗೆಯಲು ಸಾಧ್ಯವಾಗುವುದು ಇದರಿಂದಲೇ. ನೋವು ತಿಳಿಯುವುದು ಮೆದುಳಿನ ಸುತ್ತ ಇರುವುದಕ್ಕೆ: ನೆತ್ತಿಯ ಚರ್ಮ, ಅದರಡಿಯ ಸ್ನಾಯು, ಎಲುಬಿನ ಮೇಲಿನ ತೆಳು ಪೊರೆ, ಮೆದುಳನ್ನು ಸುತ್ತಿರುವ 'ಡ್ಯೂರಾ' ಎಂಬ ದಪ್ಪ ಹೊದಿಕೆ, ದೊಡ್ಡ ರಕ್ತನಾಳಗಳು, ಹಣೆಯಿಂದ ಮತ್ತು ಹಿಂಗುತ್ತಿಗೆಯಿಂದ ನೆತ್ತಿಗೆ ಏರುವ ನರಗಳು.

ಗಡ್ಡೆ ತಲುಪಲು ಶಸ್ತ್ರವೈದ್ಯರು ಇವೆಲ್ಲವನ್ನೂ ದಾಟಲೇಬೇಕು. ಚರ್ಮ ಕೊಯ್ದು ಮಡಚುತ್ತಾರೆ, ಸ್ನಾಯುವನ್ನು ಎಲುಬಿನಿಂದ ಬಿಡಿಸುತ್ತಾರೆ, ಬುರುಡೆಗೆ ಸಣ್ಣ ತೂತು ಕೊರೆದು ಎಲುಬಿನ ಒಂದು ತುಂಡು ತೆಗೆದಿಡುತ್ತಾರೆ, ಡ್ಯೂರಾ ಬಿಚ್ಚುತ್ತಾರೆ. ಈ ವಿಧಾನದ ಹೆಸರು 'ಕ್ರೇನಿಯಾಟಮಿ'. ಗಡ್ಡೆ ತೆಗೆದ ಬಳಿಕ ಡ್ಯೂರಾ ಹೊಲಿದು, ಎಲುಬನ್ನು ಸಾಮಾನ್ಯವಾಗಿ ಟೈಟೇನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿದು, ಚರ್ಮಕ್ಕೆ ಹೊಲಿಗೆಯೋ ಸ್ಟೇಪಲ್ಲೋ ಹಾಕುತ್ತಾರೆ. ಹಳೇ ಮನೆಯ ಹೆಂಚು ಇಳಿಸಿ ಪಕ್ಕಾಸು ಬದಲಿಸಿದ ಹಾಗೆ ಇದು. ಅದೇ ಹೆಂಚು ಅದೇ ಜಾಗಕ್ಕೆ ಕೂತರೂ ಮೊದಲಿನಂತೆ ಬಿಗಿಯಾಗಿ ಕೂರಲು ಸಮಯ ಬೇಕು. ಆಪರೇಷನ್ ನಂತರದ ತಲೆನೋವಿನ ದೊಡ್ಡ ಪಾಲು ಹುಟ್ಟುವುದು ಗಡ್ಡೆಯಿದ್ದ ಜಾಗದಲ್ಲಲ್ಲ, ಅಲ್ಲಿಗೆ ಹೋದ ಈ ದಾರಿಯಲ್ಲಿ. 'ನೋವಿದೆ ಎಂದರೆ ಗಡ್ಡೆ ಮತ್ತೆ ಬಂದಿದೆ' ಎಂಬ ಹೆದರಿಕೆ ಬಹುತೇಕರಲ್ಲಿ ಸುಳ್ಳಾಗುವುದು ಇದೇ ಕಾರಣಕ್ಕೆ.

ಎಷ್ಟು ಕಾಲ ನೋಯುವುದು ಸಹಜ

ವೈದ್ಯರು ಬಳಸುವ ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದಲ್ಲಿ ಇದಕ್ಕೊಂದು ಅಳತೆ ಇದೆ. ಆಪರೇಷನ್ ಆದ 7 ದಿನಗಳೊಳಗೆ ಶುರುವಾಗಿ 3 ತಿಂಗಳೊಳಗೆ ನಿಂತರೆ ಅದು ತಾತ್ಕಾಲಿಕ ನೋವು. 3 ತಿಂಗಳು ದಾಟಿದರೆ 'ಪರ್ಸಿಸ್ಟೆಂಟ್', ಅಂದರೆ ಪಟ್ಟು ಹಿಡಿದು ಕೂತ ನೋವು. ಬುರುಡೆ ತೆರೆದ ಆಪರೇಷನ್ ಆದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿಗೆ ಆರಂಭದ ನೋವು ಬರಬಹುದು. ಅವರಲ್ಲಿ ಸುಮಾರು ಕಾಲು ಭಾಗದವರಿಗೆ ಅದು ಮೂರು ತಿಂಗಳ ಗಡಿ ದಾಟುತ್ತದೆ. ನೋವು ಉಳಿದವರು ತಾವೊಬ್ಬರೇ ಎಂದುಕೊಳ್ಳುವುದು ಬೇಡ, ಚಿಕಿತ್ಸೆಯಲ್ಲಿ ಏನೋ ಎಡವಟ್ಟಾಗಿದೆ ಎಂದೂ ತಿಳಿಯುವುದು ಬೇಡ.

ಗಾಯದ ಸುತ್ತ ಮರಗಟ್ಟುವುದು, ತುರಿಕೆ, ಒಮ್ಮೊಮ್ಮೆ ಕರೆಂಟ್ ಹೊಡೆದಂತೆ ಚಳಕ್ ಎನ್ನುವುದು ಕೂಡ ಚರ್ಮದ ಸಣ್ಣ ನರಗಳು ಮರಳಿ ಬೆಳೆಯುವಾಗಿನ ಸಂಗತಿಗಳೇ. ಅವು ತಿಂಗಳುಗಟ್ಟಲೆ ಇರಬಹುದು. ತಲೆ ತಿರುಗಿಸುವಾಗ ಎಲುಬಿನ ಬಳಿ 'ಟಕ್' ಎಂದರೆ ಮುಂದಿನ ಭೇಟಿಯಲ್ಲಿ ಹೇಳಿ, ಆದರೆ ಗಾಬರಿ ಬೇಡ. ಟೈಟೇನಿಯಂ ಪಟ್ಟಿ ಅಯಸ್ಕಾಂತಕ್ಕೆ ಅಂಟುವಂಥದ್ದಲ್ಲ, ಎಂಆರ್‌ಐ ಮಾಡಿಸಬಹುದು. ಕೆಲವರಲ್ಲಿ ಸ್ಕ್ರೂವಿನ ತಲೆ ಚರ್ಮದಡಿ ಉಬ್ಬಿ, ಹೆಲ್ಮೆಟ್ ಒತ್ತಿದಾಗ ನೋಯುತ್ತದೆ. ಬೆರಳಿಟ್ಟು ತೋರಿಸಬಲ್ಲ ಒಂದೇ ಚುಕ್ಕೆಯಷ್ಟು ಜಾಗದ ನೋವು ಅದು. ವೈದ್ಯರು ಮುಟ್ಟಿ ನೋಡಿ ನಿರ್ಧರಿಸುತ್ತಾರೆ.

ತಡಮಾಡಬಾರದ ನೋವು

ಬುರುಡೆಯೊಳಗಿನ ಜಾಗ ಅಳತೆಯದ್ದು. ಮೆದುಳು, ರಕ್ತ ಮತ್ತು ಮೆದುಳಿನ ಸುತ್ತ ಹರಿಯುವ ತಿಳಿ ದ್ರವ, ಇವು ಮೂರೂ ಅದರೊಳಗೇ ಹೊಂದಿಕೊಂಡಿರಬೇಕು. ಈ ದ್ರವ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ತಯಾರಾಗುತ್ತದೆ, ಅಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಸೇರಿಹೋಗುತ್ತದೆ. ಹರಿಯುವ ದಾರಿ ಕಟ್ಟಿದರೆ, ರಕ್ತ ಕೂಡಿಕೊಂಡರೆ ಅಥವಾ ಮೆದುಳು ಬಾತುಕೊಂಡರೆ ಒತ್ತಡ ಏರುತ್ತದೆ. ಹಾಗೆ ಏರಿದ ಒತ್ತಡದ ನೋವಿಗೆ ತನ್ನದೇ ಚಹರೆ ಇದೆ: ಮಲಗಿದಾಗ ಹೆಚ್ಚು, ಬೆಳಗಿನ ಜಾವ ಎಬ್ಬಿಸುತ್ತದೆ, ಕೆಮ್ಮಿದರೆ ತಿಣುಕಿದರೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಕಣ್ಣು ಮಂಜಾಗುತ್ತದೆ. ನಂತರ ಮಂಪರು. ಹೊಟ್ಟೆಗೆ ದ್ರವ ಇಳಿಸುವ ಶಂಟ್ ಕೊಳವೆ ಹಾಕಿಸಿಕೊಂಡವರಲ್ಲಿ ಇವು ಕಂಡರೆ ಕೊಳವೆ ಕಟ್ಟಿರಬಹುದು ಎಂದೇ ಮೊದಲು ಅನುಮಾನಿಸಬೇಕು.

ಇದಕ್ಕೆ ತಿರುಗುಮುರುಗಾದ ನೋವೂ ಇದೆ. ಎದ್ದು ಕೂತರೆ, ನಿಂತರೆ ತಲೆ ಸಿಡಿಯುತ್ತದೆ. ಚಪ್ಪಟೆ ಮಲಗಿದ ಕಾಲು-ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಡ್ಯೂರಾದ ಹೊಲಿಗೆಯ ಸಂದಿನಿಂದ ದ್ರವ ಸೋರಿ ಒಳಗಿನ ಒತ್ತಡ ತಗ್ಗಿದಾಗ ಹೀಗಾಗುತ್ತದೆ. ಗಾಯದ ಅಡಿಯಲ್ಲಿ ಮೆತ್ತಗಿನ ಊತ, ದಿಂಬಿನ ಮೇಲೆ ಒದ್ದೆ ಕಲೆ, ಮೂಗಿನಿಂದ ತಿಳಿನೀರು, ಗಂಟಲ ಹಿಂದೆ ಉಪ್ಪು ರುಚಿ ಇಳಿಯುವುದು ಇದರ ಗುರುತು. ಸೋರುವ ದಾರಿ ಎಂದರೆ ಸೋಂಕು ಒಳಹೋಗುವ ದಾರಿಯೂ ಹೌದು. ಹಾಗಾಗಿ ಇದನ್ನು 'ಶೀತ ಇರಬೇಕು' ಎಂದು ಬಿಡುವಂತಿಲ್ಲ.

ಕೆಳಗಿನ ಯಾವುದೇ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು:

- ಜ್ವರ, ಜೊತೆಗೆ ಕತ್ತು ಬಗ್ಗಿಸಲಾಗದ ಬಿಗಿತ, ಬೆಳಕು ಸಹಿಸಲಾಗದಿರುವುದು
- ಗಾಯ ಕೆಂಪಾಗಿ ಬಿಸಿಯಾಗುವುದು, ಕೀವು ಅಥವಾ ನೀರು ಒಸರುವುದು
- ಕ್ಷಣಮಾತ್ರದಲ್ಲಿ ಸಿಡಿಲಿನಂತೆ ಎರಗಿದ, ಹಿಂದೆಂದೂ ಕಾಣದ ನೋವು
- ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಮಂಪರು, ಗೊಂದಲದ ಮಾತು
- ಫಿಟ್ಸ್, ಕೈಕಾಲಿನಲ್ಲಿ ಹೊಸದಾಗಿ ಶಕ್ತಿ ಕುಂದುವುದು, ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು
- ಕಾಲಿನ ಮೀನಖಂಡದ ಊತ ಅಥವಾ ಉಸಿರು ಕಟ್ಟುವಿಕೆ (ಇದು ತಲೆಯದ್ದಲ್ಲ, ರಕ್ತ ಹೆಪ್ಪುಗಟ್ಟಿರುವ ಸೂಚನೆ, ಆದರೆ ಆಪರೇಷನ್ ನಂತರ ಅಷ್ಟೇ ತುರ್ತು)

108ಕ್ಕೆ ಕರೆ ಮಾಡುವಾಗಲೇ 'ಮೆದುಳಿನ ಆಪರೇಷನ್ ಆದವರು' ಎಂದು ಹೇಳಿ. ಹತ್ತಿರದ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಇದೆಯೇ ಎಂಬುದು ಹೊರಡುವ ಮೊದಲೇ ಗೊತ್ತಿದ್ದರೆ ಅರ್ಧ ಗೆದ್ದಂತೆ. ಚಾರ್ಮಾಡಿ ಅಥವಾ ಆಗುಂಬೆಯ ಆಚೆ ಇರುವವರು ಮನೆಗೆ ಬಂದ ಮೊದಲ ವಾರದಲ್ಲೇ ಇದನ್ನು ವಿಚಾರಿಸಿಟ್ಟುಕೊಳ್ಳಬೇಕು. ಡಿಸ್ಚಾರ್ಜ್ ಸಮರಿ, ಕೊನೆಯ ಸ್ಕ್ಯಾನಿನ ಸಿ.ಡಿ., ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಒಂದೇ ಚೀಲದಲ್ಲಿರಲಿ.

ಗಾಯ ಎಲ್ಲಿದೆ ಎಂಬುದರ ಮೇಲೆ ನೋವು

ಕಿವಿಯ ಹಿಂದೆ ಕೊಯ್ದವರಿಗೆ ನೋವು ಉಳಿಯುವುದು ಹೆಚ್ಚು. ಕಿವಿಯ ನರದ ಮೇಲೆ ಬೆಳೆಯುವ 'ಶ್ವಾನೋಮ' ಗಡ್ಡೆಗೆ ಸಾಮಾನ್ಯವಾಗಿ ಇದೇ ದಾರಿ. ಇಲ್ಲಿ ಕತ್ತಿನ ಸ್ನಾಯುಗಳನ್ನು ಬುರುಡೆಯಿಂದ ಬಿಡಿಸಬೇಕಾಗುತ್ತದೆ, ಹಿಂದಲೆಗೆ ಏರುವ ನರಗಳೂ ಅಲ್ಲೇ ಹಾದುಹೋಗುತ್ತವೆ. ಎಲುಬನ್ನು ಮರಳಿ ಕೂರಿಸದೆ ಬಿಟ್ಟರೆ ಸ್ನಾಯು ನೇರವಾಗಿ ಡ್ಯೂರಾಕ್ಕೆ ಅಂಟಿಕೊಂಡು, ಕತ್ತು ತಿರುಗಿಸಿದಾಗೆಲ್ಲ ಎಳೆಯಬಹುದು. ನೋವು ಹಿಂಗುತ್ತಿಗೆಯಿಂದ ಹೊರಟು ನೆತ್ತಿ ದಾಟಿ ಕಣ್ಣಿನ ಹಿಂದೆ ಬಂದು ನಿಲ್ಲುತ್ತದೆ.

ಕಣತಲೆಯ ಕಡೆಯಿಂದ, ಅಂದರೆ ಕಿವಿಯ ಮುಂದೆ ಮತ್ತು ಮೇಲೆ ಕೊಯ್ದವರಲ್ಲಿ ಅಗಿಯುವ ಸ್ನಾಯುವಿಗೇ ಪೆಟ್ಟು. ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ, ಊಟವಾದ ಮೇಲೆ ಅದೇ ಬದಿ ತಲೆ ನೋಯುತ್ತದೆ. ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಮುಂಬಾಯಲ್ಲಿ ಹಿಡಿಯಬೇಕು, ಸಾಮಾನ್ಯ ಅಳತೆ ಅದು. ಹಿಡಿಯದಿದ್ದರೆ ಆರಂಭದ ವಾರಗಳಲ್ಲಿ ಗಂಜಿ, ನೀರುದೋಸೆ, ಇಡ್ಲಿ ಸಾಕು, ಚಕ್ಕುಲಿ ಹಪ್ಪಳ ಆಮೇಲೆ. ಶಸ್ತ್ರವೈದ್ಯರು ಒಪ್ಪಿದ ಮೇಲೆ ನಿಧಾನಕ್ಕೆ ಬಾಯಿ ತೆರೆದು 5 ಎಣಿಸುವಷ್ಟು ಹೊತ್ತು ಹಿಡಿದು ಬಿಡುವುದು, ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಮೂಗಿನ ಮೂಲಕ ತೆಗೆಸಿಕೊಂಡವರ ಕಥೆ ಬೇರೆ. ಸೈನಸ್ ಕಟ್ಟಿದಂತೆ ಹಣೆ, ಮೂಗಿನ ಬುಡ ಭಾರ. ವೈದ್ಯರು ಹೇಳುವವರೆಗೆ ಮೂಗನ್ನು ಜೋರಾಗಿ ಊದಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಇವರಲ್ಲಿ ಆಪರೇಷನ್ ಆದ ಸುಮಾರು ಒಂದು ವಾರದ ಹೊತ್ತಿಗೆ ರಕ್ತದ ಸೋಡಿಯಂ ಇಳಿಯುವ ಅಪಾಯವಿದೆ. ಆಗಷ್ಟೇ ಮನೆಗೆ ಬಂದಿರುವ ಸಮಯವದು. ತಲೆನೋವು, ಹೊಟ್ಟೆ ತೊಳಸು, ಜೋಂಪು ಒಟ್ಟಿಗೆ ಬಂದರೆ ಅಂದೇ ಸೋಡಿಯಂ ಪರೀಕ್ಷೆ ಮಾಡಿಸಬೇಕು. ಇಂಥವರಿಗೆ 'ಸೆಕೆ ಜೋರಿದೆ, ನೀರು ಕುಡಿ' ಎಂದು ಲೋಟಗಟ್ಟಲೆ ನೀರು ಕೊಡುವುದು ತೊಂದರೆಯನ್ನು ಹೆಚ್ಚಿಸುತ್ತದೆ.

ಮಾತ್ರೆಯಿಂದಲೇ ಹುಟ್ಟುವ ತಲೆನೋವು

ಮೂರು ತಿಂಗಳಾದರೂ ನೋವು ಹೋಗದವರಲ್ಲಿ ಕಡೆಗಣಿಸಿಬಿಡುವ ಕಾರಣ ಇದು. ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಮೆದುಳಿನ ನೋವು-ಜಾಲ ಮಾತ್ರೆಗೆ ಒಗ್ಗಿಕೊಳ್ಳುತ್ತದೆ; ಅದರ ಪರಿಣಾಮ ಇಳಿದ ಕೂಡಲೇ ನೋವು ಮರಳುತ್ತದೆ. ಇದಕ್ಕೆ ಇನ್ನೊಂದು ಮಾತ್ರೆ, ಹೀಗೇ ಸುತ್ತು. ಕೆಫೀನ್ ಬೆರೆತ ತಲೆನೋವಿನ ಮಾತ್ರೆ, ಟ್ರಮಡಾಲ್‌ನಂಥ ಜೋರಿನವು ಆದರೆ ತಿಂಗಳಿಗೆ 10 ದಿನವೇ ಈ ಗಡಿ. ಎಷ್ಟು ಮಾತ್ರೆ ಎಂಬುದಕ್ಕಿಂತ ಎಷ್ಟು ದಿನ ಎಂಬುದೇ ಇಲ್ಲಿ ಮುಖ್ಯ. ಆರಂಭದ ಕೆಲವು ವಾರ ವೈದ್ಯರು ಬರೆದಂತೆ ಹೊತ್ತುಹೊತ್ತಿಗೆ ತೆಗೆದುಕೊಳ್ಳುವುದು ಬೇರೆ. ಆಮೇಲೆ ವಾರಕ್ಕೆ ಎರಡು ದಿನ ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು.

ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲದರಲ್ಲೂ ಇರುವುದು ಅದೇ. ಶೀತಜ್ವರದ ಎಷ್ಟೋ ಮಾತ್ರೆಗಳಲ್ಲೂ ಬೆರೆತಿರುತ್ತದೆ, ಹಾಗಾಗಿ ಲೆಕ್ಕ ತಪ್ಪುತ್ತದೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಬಾರದು. 650ರ ಮಾತ್ರೆಯಾದರೆ 6ಕ್ಕೇ ಆ ಗಡಿ ಮುಟ್ಟುತ್ತದೆ. ಲಿವರ್ ತೊಂದರೆ ಇರುವವರು, ಮದ್ಯ ಕುಡಿಯುವವರು, ತೂಕ ಕಡಿಮೆ ಇರುವವರು ಇದಕ್ಕಿಂತ ಕಡಿಮೆಯಲ್ಲೇ ನಿಲ್ಲಬೇಕು, ಎಷ್ಟು ಎಂದು ವೈದ್ಯರನ್ನು ಕೇಳಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್‌ಗಳನ್ನು ಮೆಡಿಕಲ್‌ನಲ್ಲಿ ಕೇಳಿ ತರುವುದು ಬೇಡ. ಆಪರೇಷನ್ ಆದ ಹೊಸತರಲ್ಲಿ ರಕ್ತಸ್ರಾವದ ಭಯವಿದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಯ ಹುಣ್ಣಿನ ಭಯ. ಟ್ರಮಡಾಲ್ ಫಿಟ್ಸ್ ಬರುವ ಸಂಭವವನ್ನು ಹೆಚ್ಚಿಸುತ್ತದೆ, ಮಲಬದ್ಧತೆಯನ್ನೂ ತರುತ್ತದೆ. ಮಲಕ್ಕೆ ಕೂತು ತಿಣುಕಿದಷ್ಟೂ ತಲೆಯೊಳಗಿನ ಒತ್ತಡ ಏರುತ್ತದೆ.

ಡೆಕ್ಸಾಮೆಥಾಸೋನ್ ಬಗ್ಗೆ ಬೇರೆಯೇ ಒಂದು ಮಾತು ಹೇಳಬೇಕು. ಮೆದುಳಿನ ಬಾವು ಇಳಿಸುವ ಸ್ಟೀರಾಯ್ಡ್ ಇದು. 'ಸ್ಟೀರಾಯ್ಡ್ ಕೆಟ್ಟದ್ದು' ಎಂದು ಯಾರೋ ಹೇಳಿದರೆಂದು ಥಟ್ಟನೆ ನಿಲ್ಲಿಸಿದರೆ ಬಾವು ಮರಳಿ ತಲೆನೋವು ಏರಬಹುದು. ಕೆಲವು ವಾರ ತೆಗೆದುಕೊಂಡ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಹಾಗಾಗಿ ಸುಸ್ತು, ವಾಂತಿ, ಬಿ.ಪಿ. ಕುಸಿತದಂಥ ಜೀವಕ್ಕೇ ಎರವಾಗುವ ಸ್ಥಿತಿಯೂ ಬರಬಹುದು. ಚೀಟಿಯಲ್ಲಿ ಬರೆದಂತೆ ಹಂತಹಂತವಾಗಿಯೇ ಇಳಿಸಬೇಕು. ಸಂಜೆಯ ಡೋಸ್ ನಿದ್ದೆ ಕೆಡಿಸುತ್ತಿದ್ದರೆ ಬೆಳಿಗ್ಗೆ-ಮಧ್ಯಾಹ್ನಕ್ಕೆ ಬದಲಿಸಬಹುದೇ ಎಂದು ಕೇಳಿ. ಸಕ್ಕರೆ ಕಾಯಿಲೆ ಇದ್ದವರು ಶುಗರ್ ನೋಡಿಸುತ್ತಿರಬೇಕು.

ಒಂದು ಸಾಲಿನ ಲೆಕ್ಕ

ಓಪಿಡಿಯಲ್ಲಿ ಸಿಗುವುದು ಕೆಲವೇ ನಿಮಿಷ. 'ಯಾವಾಗಲೂ ನೋಯುತ್ತದೆ ಡಾಕ್ಟ್ರೇ' ಎಂದರೆ ಅವರಿಗೆ ದಾರಿ ಕಾಣುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದು ಸಾಲು ಬರೆದಿಟ್ಟರೆ ಸಾಕು:

ಮಂಗಳವಾರ, ಬೆಳಿಗ್ಗೆ 5, ಹಣೆ ಪೂರ್ತಿ, 10ರಲ್ಲಿ 6, ಎದ್ದು ಕೂತ ಮೇಲೆ ಕಡಿಮೆ, ವಾಂತಿ ಒಮ್ಮೆ, ಪ್ಯಾರಾಸಿಟಮಾಲ್ 650 ಒಂದು, 7 ಗಂಟೆಗೆ ನೋವು 3.

ಇಂಥ ಸಾಲು ಮೂರು ದಿನ ಬಂದರೆ ನ್ಯೂರೋಸರ್ಜನ್ ಸ್ಕ್ಯಾನ್ ಮಾಡಿಸದೆ ಬಿಡುವುದಿಲ್ಲ. ನೀವೂ ಮುಂದಿನ ತಾರೀಕಿಗೆ ಕಾಯಬಾರದು. ಬದಲಿಗೆ 'ಸಂಜೆ 6, ಹಿಂಗುತ್ತಿಗೆ, 4, ಮೊಬೈಲ್ ನೋಡಿದ ಮೇಲೆ, ಬಿಸಿಬಟ್ಟೆಗೆ ಇಳಿಯಿತು' ಎಂದಿದ್ದರೆ ಸ್ನಾಯುವಿನ ನೋವು ಎಂದು ಗೊತ್ತಾಗುತ್ತದೆ. ನೋವಿಲ್ಲದ ದಿನವನ್ನೂ ಬರೆಯಿರಿ. ಸೊನ್ನೆಗಳು ಹೆಚ್ಚುತ್ತ ಹೋದರೆ ಗುಣವಾಗುತ್ತಿದೆ ಎಂದು ತಿಳಿಯುವುದು ಅದರಿಂದಲೇ. ವಾರದಿಂದ ವಾರಕ್ಕೆ ಅಂಕೆ ಏರುತ್ತಲೇ ಇದ್ದರೆ ಗಡ್ಡೆ ಮರುಕಳಿಸಿದೆಯೇ ಎಂದು ನೋಡಲೇಬೇಕು. ರೇಡಿಯೇಷನ್ ಪಡೆದವರಲ್ಲಿ ಮೊದಲ ತಿಂಗಳುಗಳಲ್ಲಿ ಬಾವಿನಿಂದಾಗಿ ಗಡ್ಡೆ ಬೆಳೆದಂತೆ ಸ್ಕ್ಯಾನಿನಲ್ಲಿ ಕಾಣುವುದೂ ಉಂಟು, ಹಾಗಾಗಿ ಒಂದೇ ಸ್ಕ್ಯಾನಿನಿಂದ ತೀರ್ಮಾನಕ್ಕೆ ಬರಲು ವೈದ್ಯರು ಹಿಂಜರಿಯುತ್ತಾರೆ.

ಮನೆಯಲ್ಲಿ ಮಾಡಬೇಕಾದ್ದು, ಬಿಡಬೇಕಾದ್ದು

ಮೊದಲ ವಾರಗಳಲ್ಲಿ ತಲೆಯ ಕಡೆ ಹಾಸಿಗೆ ಸುಮಾರು 30 ಡಿಗ್ರಿ ಏರಿರಲಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ಮಾತ್ರ ಮಡಚಿ ಹೊಸ ನೋವು ಬರುತ್ತದೆ. ಬೆನ್ನಿನಿಂದಲೇ ಏರುವಂತೆ ಹಾಸಿಗೆಯಡಿ ಏನಾದರೂ ಇಡಿ. ಎದ್ದು ನಿಂತಾಗ ಹೆಚ್ಚಾಗುವ ನೋವಿದ್ದರೆ ಈ ಸಲಹೆ ಹೊಂದುವುದಿಲ್ಲ. ಅವರು ಚಪ್ಪಟೆ ಮಲಗಿ ಆಸ್ಪತ್ರೆಗೆ ತಿಳಿಸಬೇಕು.

ಬಗ್ಗಿ ಮಾಡುವ ಕೆಲಸ ತಲೆಗೆ ರಕ್ತ ಇಳಿಸುತ್ತದೆ. ಹಿಡಿಸೂಡಿ ಹಿಡಿದು ಅಂಗಳ ಗುಡಿಸುವುದು, ಬಾವಿಯಿಂದ ನೀರು ಸೇದುವುದು, ತುಂಬಿದ ಕೊಡಪಾನ ಎತ್ತುವುದು, ಹೆರೆಮಣೆ ಮೇಲೆ ಕುಕ್ಕರಗಾಲಲ್ಲಿ ಕೂತು ಕಾಯಿ ತುರಿಯುವುದು, ಇವನ್ನೆಲ್ಲ ವೈದ್ಯರು ಬಿಡುವವರೆಗೆ, ಸಾಮಾನ್ಯವಾಗಿ 4ರಿಂದ 6 ವಾರ, ಬೇರೆಯವರಿಗೆ ಬಿಡಬೇಕು. ಮನೆಯ ಹೆಂಗಸರು ಆಪರೇಷನ್ ಆದವರಾದರೆ ಈ ಬಿಡುವು ಕೇಳದೇ ಸಿಗುವುದು ಕಷ್ಟ. ಡಿಸ್ಚಾರ್ಜ್ ದಿನವೇ ವೈದ್ಯರಿಂದ ಮನೆಯವರ ಮುಂದೆ ಹೇಳಿಸಿಬಿಡುವುದು ಒಳ್ಳೆಯದು. ಬಸ್ಸಿನಲ್ಲಿ ಹೋಗಲೇಬೇಕಾದರೆ ಹಿಂದಿನ ಸೀಟು ಬೇಡ, ಅಲ್ಲಿ ಎತ್ತಿಹಾಕುವುದು ಜಾಸ್ತಿ. ಗಲ್ಫಿಗೆ ಮರಳುವವರು ಬಜ್ಪೆಯಿಂದ ಟಿಕೆಟ್ ಮಾಡುವ ಮೊದಲು ಕೇಳಬೇಕು: ಬುರುಡೆಯೊಳಗೆ ಆಪರೇಷನ್ ಸಮಯದಲ್ಲಿ ಸೇರಿದ ಗಾಳಿ ಹೀರಿಹೋಗಲು ವಾರಗಳು ಬೇಕು, ವಿಮಾನ ಮೇಲೇರಿದಾಗ ಅದು ಹಿಗ್ಗುತ್ತದೆ.

ಮಾರ್ಚಿನಿಂದ ಮೇವರೆಗಿನ ಕರಾವಳಿಯ ಸೆಕೆಯಲ್ಲಿ ಬೆವರಿ ನೀರು-ಉಪ್ಪು ಹೋಗಿಯೇ ತಲೆನೋವು ಬರುತ್ತದೆ. ನೀರಿಗೆ ಮಿತಿ ಹೇಳದವರು ಬಾಯಾರುವ ಮೊದಲೇ ಸ್ವಲ್ಪಸ್ವಲ್ಪ ಕುಡಿಯಬೇಕು. ಉಪ್ಪು ಹಾಕಿದ ಗಂಜಿತಿಳಿ, ಬೊಂಡ (ಎಳನೀರು) ಎರಡೂ ಆಗುತ್ತವೆ. ಕಿಡ್ನಿ ತೊಂದರೆ ಇದ್ದರೆ ಬೊಂಡ ಕೇಳಿಯೇ ಕುಡಿಯಿರಿ. ಉಪವಾಸ, ಹೊತ್ತು ಮೀರಿದ ಊಟ, ನಿದ್ದೆಗೆಡುವುದು ಮೂರೂ ನೋವನ್ನು ಕೆರಳಿಸುತ್ತವೆ. ರಾತ್ರಿಯಿಡೀ ಚೆಂಡೆಯ ಸದ್ದು, ಝಗಮಗಿಸುವ ದೀಪ ಇರುವ ಯಕ್ಷಗಾನದ ಆಟ, ಭೂತಗಳ ನೇಮಗಳನ್ನು ಮೊದಲ ತಿಂಗಳುಗಳಲ್ಲಿ ಬಿಡುವುದೇ ಲೇಸು. ನಿದ್ದೆಗೆಟ್ಟರೆ ಫಿಟ್ಸ್ ಕೂಡ ಬರಬಹುದು.

ಗಾಯ ಪೂರ್ತಿ ಮಾಯುವವರೆಗೆ ಎಣ್ಣೆಸ್ನಾನ, ನೋವಿನ ಬಾಮು, ಲೇಪ ಯಾವುದೂ ಗಾಯದ ಹತ್ತಿರ ಬೇಡ. ಮರಗಟ್ಟಿದ ನೆತ್ತಿಗೆ ಬಿಸಿ ತಿಳಿಯುವುದಿಲ್ಲ. ಬಿಸಿನೀರಿನ ಚೀಲ, ಬಿಸಿಬಟ್ಟೆ ಇಟ್ಟು ಸುಟ್ಟುಕೊಂಡರೂ ಗೊತ್ತಾಗುವುದಿಲ್ಲ. ಬಿಸಿ ಕೊಡುವುದಾದರೆ ಕತ್ತು-ಭುಜಕ್ಕೆ ಮಾತ್ರ, ಬೇರೆಯವರು ತಮ್ಮ ಕೈಯಲ್ಲಿ ಮುಟ್ಟಿ ನೋಡಿದ ಮೇಲೆ.

ಹಕ್ಕಳೆ ಎಲ್ಲ ಉದುರಿ ಗಾಯ ಒಣಗಿ, ವೈದ್ಯರು ಸರಿ ಎಂದ ಬಳಿಕ ಕಲೆಯನ್ನು ತಿಕ್ಕುವ ಕ್ರಮವಿದೆ. ಶುದ್ಧ ಬೆರಳ ತುದಿಗೆ ಒಂದು ಹನಿ ತೆಂಗಿನೆಣ್ಣೆ. ಚರ್ಮದ ಮೇಲೆ ಜಾರಿಸದೆ, ಚರ್ಮವನ್ನೇ ಅಡಿಯ ಎಲುಬಿನ ಮೇಲೆ ಸಣ್ಣಗೆ ಸುತ್ತಿಸುವಂತೆ, 2-3 ನಿಮಿಷ, ದಿನಕ್ಕೆ ಎರಡು ಬಾರಿ. ಮುಟ್ಟಿದರೇ ಚುರುಗುಟ್ಟುವವರು ಮೊದಲು ಹತ್ತಿಯಿಂದ, ಕೆಲವು ದಿನದ ಮೇಲೆ ಮೆತ್ತನೆ ಬಟ್ಟೆಯಿಂದ, ಆಮೇಲೆ ಬೈರಾಸಿನಿಂದ ನವಿರಾಗಿ ಸವರಿ ನರಗಳಿಗೆ ಸ್ಪರ್ಶ ಅಭ್ಯಾಸ ಮಾಡಿಸಬೇಕು. ಎಲುಬು ಕೂರಿಸದೆ ಬಿಟ್ಟ ಜಾಗವನ್ನು ಒತ್ತಲೇಬಾರದು.

ಕತ್ತಿಗೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವುದರಲ್ಲಿ ಅತ್ಯಂತ ಉಪಯೋಗದ್ದು ಗಲ್ಲ ಹಿಂದಕ್ಕೆ ಎಳೆಯುವುದು. ಬೆನ್ನು ನೆಟ್ಟಗಿಟ್ಟು ಕೂತು, ತಲೆ ಬಗ್ಗಿಸದೆ ಗಲ್ಲವನ್ನು ನೇರ ಹಿಂದಕ್ಕೆ ಸರಿಸಿ 5 ಸೆಕೆಂಡು ಹಿಡಿದು ಬಿಡಬೇಕು, 10 ಸಲ. ತಲೆ ಸುತ್ತಿದರೆ ನಿಲ್ಲಿಸಿ. ನೋವಿಗೆ ಹೆದರಿ ಕತ್ತನ್ನು ಅಲ್ಲಾಡಿಸದೇ ಹಿಡಿದಿಟ್ಟರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ.

ಮೂರು ತಿಂಗಳು ದಾಟಿದರೆ

ಆಗ ಬೇಕಿರುವುದು ನೋವು ಬಂದಾಗ ನುಂಗುವ ಮಾತ್ರೆಯಲ್ಲ, ನೋವು ಬರದಂತೆ ತಡೆಯುವ ಔಷಧ. ನ್ಯೂರಾಲಜಿ ವಿಭಾಗಕ್ಕೆ ಕಳುಹಿಸಿ ಎಂದು ನೀವೇ ಕೇಳಬಹುದು. ಬಿಗಿತದ ನೋವಿಗೆ ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ 10 ಮಿಲಿಗ್ರಾಂನಂಥ ಸಣ್ಣ ಪ್ರಮಾಣದಲ್ಲಿ ಶುರುಮಾಡುವುದು ರೂಢಿ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಕು ಇರಬಹುದು. ಗ್ಲಾಕೋಮ, ಹೃದಯದ ತೊಂದರೆ, ಪ್ರಾಸ್ಟೇಟ್ ಸಮಸ್ಯೆ ಇದ್ದರೆ ಮೊದಲೇ ಹೇಳಬೇಕು. ಚೀಟಿಯಲ್ಲಿ 'ಖಿನ್ನತೆಗೆ ಕೊಡುವ ಔಷಧ' ಎಂದು ಓದಿ ಬಿಟ್ಟುಬಿಡುವವರಿದ್ದಾರೆ. ಈ ಪ್ರಮಾಣದಲ್ಲಿ ಅದರ ಕೆಲಸ ನೋವಿನ ನರಗಳ ಮೇಲೆ. ಚುಚ್ಚುವ, ಕರೆಂಟ್ ಹೊಡೆದಂಥ ನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬಳಸುತ್ತಾರೆ. ಯಾವುದೇ ಆದರೂ ಫಲ ಕಾಣಲು ವಾರಗಳು ಬೇಕು; ನಾಲ್ಕು ದಿನ ನುಂಗಿ 'ಏನೂ ಆಗಲಿಲ್ಲ' ಎಂದು ನಿಲ್ಲಿಸಿದರೆ ಔಷಧಕ್ಕೆ ಅವಕಾಶವೇ ಸಿಕ್ಕಿರುವುದಿಲ್ಲ.

ಕಲೆಯ ಉದ್ದಕ್ಕೂ ಬೆರಳ ತುದಿ ಒತ್ತುತ್ತ ಹೋದಾಗ ಒಂದೇ ಚುಕ್ಕೆಯಲ್ಲಿ ಅದೇ ತಲೆನೋವು ಮರುಕಳಿಸಿದರೆ ಅಲ್ಲೊಂದು ನರ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಆ ಜಾಗವನ್ನು ಪೆನ್ನಿನಿಂದ ಗುರುತಿಸಿಕೊಂಡು ಹೋಗಿ. ಲಿಗ್ನೋಕೇನ್ ಅಥವಾ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧವನ್ನು ನರದ ಪಕ್ಕ ಚುಚ್ಚುವ 'ನರ್ವ್ ಬ್ಲಾಕ್' ಓಪಿಡಿಯಲ್ಲೇ ಮುಗಿಯುವ ಚಿಕಿತ್ಸೆ. ನೋವು ಇಳಿದರೆ ಕಾರಣ ಆ ನರವೇ ಎಂಬುದಕ್ಕೆ ಆಧಾರ ಸಿಗುತ್ತದೆ, ಜೊತೆಗೆ ಕೆಲವು ದಿನಗಳಿಂದ ವಾರಗಳವರೆಗೆ ಆರಾಮ. ಬೇಕಾದರೆ ಮತ್ತೆ ಮಾಡಬಹುದು. ಚುಚ್ಚುವವರಿಗೆ ಒಂದು ಸಂಗತಿ ತಪ್ಪದೇ ಹೇಳಬೇಕು: ಕಿವಿಯ ಹಿಂದೆ ಎಲುಬು ಮರಳಿ ಕೂರಿಸಿದ್ದಾರೋ, ಹಾಗೇ ಬಿಟ್ಟಿದ್ದಾರೋ. ಎಲುಬಿಲ್ಲದ ಕಡೆ ಸೂಜಿ ಒಳಹೊಕ್ಕರೆ ಔಷಧ ನೇರ ಮೆದುಳಿನ ದ್ರವ ಸೇರುವ ಅಪಾಯವಿದೆ. ಇದರ ವಿವರ ಡಿಸ್ಚಾರ್ಜ್ ಸಮರಿಯಲ್ಲಿ ಇಲ್ಲದಿದ್ದರೆ ಆಪರೇಷನ್ ನೋಟ್ಸ್‌ನ ಪ್ರತಿ ಕೇಳಿ ತೆಗೆದುಕೊಳ್ಳಿ.